ಡಬ್ಬಿ ಹಿಂದೆ ಓದಿ, ಭಾಗ 4: ‘ಆಲ್ಕೋಹಾಲ್’ ಅಂದ್ರೆ ಎಲ್ಲವೂ ಒಂದೇ ಅಲ್ಲ!

ನಿಮ್ಮ ಮಾಯಿಶ್ಚರೈಸರ್ ಡಬ್ಬಿ ತಿರುಗಿಸಿ. ಪಟ್ಟಿಯಲ್ಲಿ ‘ಸೆಟಿಯರಿಲ್ ಆಲ್ಕೋಹಾಲ್’ ಅಂತ ಇದ್ಯಾ? ತುಂಬಾ ಕ್ರೀಮ್‌ಗಳಲ್ಲಿ ಇರುತ್ತೆ. ಇದನ್ನ ತೋರಿಸಿ "ಅಯ್ಯೋ ಆಲ್ಕೋಹಾಲ್, ಎಸೀರಿ!" ಅಂತ ರೀಲ್ಸ್ ಮಾಡೋರು ಹೆಸರು ಓದಿದ್ದಾರೆ, ವಸ್ತು ನೋಡಿಲ್ಲ.

👉 ಇದು ದ್ರವವೇ ಅಲ್ಲ. ಬಿಳಿ ಮೇಣದ ಚೂರು. ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಯಿಂದಲೂ ತಯಾರಾಗುತ್ತೆ. ಸ್ಯಾನಿಟೈಸರ್‌ನ ಎಥನಾಲ್‌ನಲ್ಲಿ 2 ಕಾರ್ಬನ್, ಇದರಲ್ಲಿ 16 ಮತ್ತು 18. ಎಥನಾಲ್ ಹಾರಿಹೋಗುತ್ತೆ, ಚರ್ಮ ಒಣಗಿಸುತ್ತೆ. ಇದು ಚರ್ಮದ ಮೇಲೆ ಕೂತು ತೇವ ಕಾಯುತ್ತೆ. ಅಡ್ಡಹೆಸರು ಒಂದೇ ಆದ್ರೆ ಮನೆನೂ ಒಂದೇನಾ?

👉 ಕೆಲಸ ಏನು? ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಲ್ಲ, ಕ್ರೀಮ್‌ನಲ್ಲಿ ಹಾಗಾಗಬಾರದು. ನೀರು, ಎಣ್ಣೆ ಬೇರೆಯಾಗದಂತೆ ಹಿಡಿಯೋದು ಎಮಲ್ಸಿಫೈಯರ್. ಸೆಟಿಯರಿಲ್ ಒಬ್ಬಂಟಿಯಾಗಿ ಇದನ್ನ ಮಾಡಲ್ಲ. ಇನ್ನೊಂದು ಎಮಲ್ಸಿಫೈಯರ್ ಜೊತೆ ಸೇರಿ ಕ್ರೀಮ್‌ಗೆ ದಪ್ಪ, ಸ್ಥಿರತೆ ಕೊಡುತ್ತೆ.

👉 ಸೇಫಾ? ಅಮೆರಿಕದ ಸಿಐಆರ್ ತಜ್ಞರ ಸಮಿತಿ 1988ರಲ್ಲೇ ಪರಿಶೀಲಿಸಿ, ಕಾಸ್ಮೆಟಿಕ್ಸ್‌ನಲ್ಲಿ ಬಳಸುವ ರೀತಿಯಲ್ಲಿ ಸುರಕ್ಷಿತ ಅಂದಿದೆ. ಕೆಲವರಿಗೆ ಅಲರ್ಜಿ ಆಗುತ್ತೆ, ನಿಜ, ಆದ್ರೆ ಅಪರೂಪ. ಹೊಸ ಕ್ರೀಮ್ ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ.

👉 ಪ್ರಶ್ನೆ ಕೇಳಲೇಬೇಕಾ? ಜೊತೆಗಾರನನ್ನ ಕೇಳಿ. ಬ್ರಿಟನ್‌ನಲ್ಲಿ ಎಕ್ಸಿಮಾ ಇರೋ ಮಕ್ಕಳಿಗೆ ‘ಆಕ್ವಿಯಸ್ ಕ್ರೀಮ್’ ಹಚ್ಚಿದಾಗ ಉರಿ, ಕೆಂಪಾಗೋದು ಕಾಣಿಸಿತ್ತು. 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ಕ್ರೀಮ್‌ನಲ್ಲೂ ಈ ಮೇಣ ಇತ್ತು. ಬೆರಳು ತೋರಿಸಿದ್ದು ಮಾತ್ರ ಅದರ ಜೊತೆಗಿದ್ದ ಸೋಡಿಯಂ ಲಾರಿಲ್ ಸಲ್ಫೇಟ್ ಕಡೆಗೆ. ಹೆಸರು ನೋಡಿ ಹೆದರೋರು ಆಲ್ಕೋಹಾಲ್ ಅನ್ನ ಬೈತಾರೆ, ಸಲ್ಫೇಟ್ ನಗುತ್ತಾ ಕೂತಿರುತ್ತೆ.

ಇದು ಬರೀ ವಾದ ಅಲ್ಲ. ಡಾಕ್ಟರ್ ಬರೆದ ಕ್ರೀಮನ್ನ ಒಂದು ರೀಲ್ ನೋಡಿ ನಿಲ್ಲಿಸಿದ್ರೆ, ರಾತ್ರಿಯಿಡೀ ಕೆರೆದುಕೊಳ್ಳೋದು ಮಗು. ಹೆದರಿಸಿದವರಲ್ಲ. ಅವರ ಮುಂದಿನ ಪೋಸ್ಟಲ್ಲಿ ‘ಕೆಮಿಕಲ್ ಫ್ರೀ’ ಕ್ರೀಮ್ ಇರುತ್ತೆ, ಡಿಸ್ಕೌಂಟ್ ಕೋಡ್ ಸಮೇತ. ಅದರ ಡಬ್ಬಿ ಹಿಂದೆ ಪದಾರ್ಥಗಳ ಪಟ್ಟಿ ಇದ್ಯಾ ಅಂತ ಕೇಳಿ ನೋಡಿ. ಇಲ್ಲಾಂದ್ರೆ ನಿಜವಾಗಿ ಹೆದರಬೇಕಾದ್ದು ಅದಕ್ಕೇ.

ಭಾಗ 5ರಲ್ಲಿ: ಪ್ಯಾರಬೆನ್. ಸೇವ್ ಮಾಡ್ಕೊಳ್ಳಿ, ನಿಮ್ಮ ಫ್ಯಾಮಿಲಿ ಗ್ರೂಪಿಗೂ ಕಳಿಸಿ 🙏

#ಡಬ್ಬಿಹಿಂದೆಓದಿ #ಚರ್ಮದಆರೈಕೆ #ಕನ್ನಡದಲ್ಲಿವಿಜ್ಞಾನ