ಯಂತ್ರಕ್ಕೂ ಗಾಂಧಾರ ಕಲಿಸೋಣ

ಕಳೆದ ಶ್ರಾವಣದಲ್ಲಿ ಸಪ್ತಾಪುರದ ನನ್ನ ಮಹಡಿ ಕೋಣೆಯಲ್ಲಿ ಒಂದು ವಚನದ ಧ್ವನಿಮುದ್ರಣ ಇಟ್ಟುಕೊಂಡಿದ್ದೆವು. ಹಾಡುವವಳು ಸಂಗೀತದಲ್ಲಿ ಪದವಿ ಓದುತ್ತಿರುವ ಹುಡುಗಿ. ರಾಗ ಯಮನ್, ಕರಿ ನಾಲ್ಕರ ಷಡ್ಜ. ಪಕ್ಕದ ಕಟ್ಟಡದ ಕೋಚಿಂಗ್ ಕ್ಲಾಸು ಬಿಟ್ಟು, ಹುಡುಗರ ಬೈಕುಗಳ ಸದ್ದು ಅಡಗುವವರೆಗೆ ಕಾದು, ರಾತ್ರಿ ಒಂಬತ್ತೂವರೆಗೆ ಶುರು ಮಾಡಿದೆವು. ಅವಳ ಹೆಡ್‌ಫೋನಿನಲ್ಲಿ ನನ್ನ ಹಳೆಯ ರೋಲ್ಯಾಂಡ್ ಎಕ್ಸ್‌ಪಿ-60 ಸಿಂಥಸೈಸರಿನ ಉದ್ದನೆಯ ಸ್ವರಗಳಿದ್ದವು, ಕಂಪ್ಯೂಟರಿನೊಳಗಿನ ವಯಲಿನ್ ಗುಂಪು ಇತ್ತು. ನಾಲ್ಕನೇ ಸಲವೂ ಅದೇ ಸಾಲಿನಲ್ಲಿ ನಿಂತುಬಿಟ್ಟಳು.

"ಸರ್, ಗಾಂಧಾರಕ್ಕ ಬಂದಾಗ ನನ್ನ ದನಿ ಸುರ ಬಿಡಾಕತ್ತೈತಿ ಅನಸ್ತದ್ರಿ" ಅಂದಳು. ಕಣ್ಣು ತುಂಬಿತ್ತು.

"ತಡಿ ತಂಗಿ. ಹೆಡ್‌ಫೋನ್ ತಗದಿಡು. ತಂಬೂರಿ ಅಷ್ಟ ಕೇಳಿ ಹಾಡು" ಅಂದೆ.

ಮೂಲೆಯಲ್ಲಿದ್ದ ಮಿರಜಿನ ತಂಬೂರಿ ತಂದು ಮೀಟಿದೆ. ಹಾಡಿದಳು. ಗಾಂಧಾರ ದೀಪದಂತೆ ನಿಂತಿತು. ತಪ್ಪು ಅವಳ ದನಿಯದಾಗಿರಲಿಲ್ಲ, ನನ್ನ ಯಂತ್ರಗಳದಾಗಿತ್ತು. ಎಂಟು ವರ್ಷ ಗುರುಗಳ ಮುಂದೆ ಕೂತು ಪಳಗಿಸಿದ ಕಿವಿಯನ್ನು ಅರ್ಧ ಗಂಟೆಯಲ್ಲಿ ಅನುಮಾನಕ್ಕೆ ತಳ್ಳಿದ್ದೆ. ಆ ರಾತ್ರಿಯಿಂದ ಈ ಮಾತನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದು ಕಾಯುತ್ತಿದ್ದೇನೆ: ಸಿಂಥಸೈಸರನ್ನು ಕಂಪ್ಯೂಟರಿಗೆ ಜೋಡಿಸುವುದು, ಜೋಡಿಸಿದ ಮೇಲೆ ಅದರ ಶ್ರುತಿ ತಿದ್ದುವುದು ಇನ್ನು ಮುಂದೆ ನಮ್ಮ ಸಂಗೀತ ವಿದ್ಯಾಭ್ಯಾಸದ ಭಾಗವಾಗಬೇಕು. ಅದನ್ನು ಮೊದಲು ಕಲಿಸಬೇಕಾದ ಊರು ಧಾರವಾಡ.

ಯಂತ್ರ ಎಲ್ಲಿ ತಪ್ಪುತ್ತದೆ ಎಂಬುದನ್ನು ಮೊದಲು ನೋಡೋಣ. ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರೊಳಗಿಂದಲೇ ಒಂದು ಗಾಂಧಾರ ಏಳುತ್ತದೆ. ಯಾರೂ ಬಾರಿಸದೆ ತಾನಾಗಿ ಹುಟ್ಟುವ ಅದಕ್ಕೆ ನಮ್ಮವರು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಒಂದು ಸಪ್ತಕವನ್ನು 1200 ಸೆಂಟುಗಳಾಗಿ ಅಳೆದರೆ ಅದು ಷಡ್ಜದಿಂದ ಸುಮಾರು 386ನೇ ಸೆಂಟಿನಲ್ಲಿದೆ. ಕೀಬೋರ್ಡು ಸಪ್ತಕವನ್ನು ಹನ್ನೆರಡು ಸರಿಪಾಲು ಮಾಡಿಕೊಂಡಿರುವುದರಿಂದ ಅದರ ಗಾಂಧಾರ 400ರಲ್ಲಿ ಕೂತಿದೆ. 14 ಸೆಂಟು ಮೇಲೆ. ಕರಿ ನಾಲ್ಕರ ಷಡ್ಜಕ್ಕೆ ಹುಡುಗಿ ಹಾಡಿದ ಗಾಂಧಾರ ಸುಮಾರು 259.6 ಹರ್ಟ್ಸ್, ಯಂತ್ರದ್ದು 261.6 ಹರ್ಟ್ಸ್. ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎರಡು ಸಲ ಸ್ವರ ತೂಗಾಡುತ್ತದೆ. ಅವಳು ಕೇಳಿದ್ದು, ಅಳುಕಿದ್ದು ಆ ತೂಗಾಟಕ್ಕೆ.

ನಮ್ಮ ತಂದೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದರು. ಹೊಸ ಹಾರ್ಮೋನಿಯಂ ಮನೆಗೆ ಬಂದರೆ ಮೊದಲು ಮೇಲಿನ ಹಲಗೆ ಬಿಚ್ಚುತ್ತಿದ್ದರು. ಹಿತ್ತಾಳೆಯ ಸ್ವರಪಟ್ಟಿಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ತಂಬೂರಿ ಮೀಟಲು ನನ್ನನ್ನು ಕೂಡಿಸಿ, ಗಾಂಧಾರದ ಪಟ್ಟಿಯ ಬುಡವನ್ನು ಒಂದೊಂದೇ ಗೀರು ಕೆರೆಯುತ್ತ, ಬಾಯಿಂದ ಊದಿ ನೋಡುತ್ತ, ತೂಗಾಟ ನಿಲ್ಲುವವರೆಗೆ ಕೂಡುತ್ತಿದ್ದರು. ಒಂದು ಗೀರು ಹೆಚ್ಚಾದರೆ ಪಟ್ಟಿಯೇ ಕೆಡುತ್ತಿತ್ತು. ಹಾಗೆ ತಿದ್ದಿದ ಪೇಟಿ ಒಂದೇ ಷಡ್ಜಕ್ಕೆ ಸರಿ. ಬೇರೆ ಷಡ್ಜದವರು ಬಂದರೆ ಬೇರೆ ಪೇಟಿಯೇ ಬೇಕು.

ಅವರು ಅರ್ಧ ದಿನ ಕೂತು ಮಾಡುತ್ತಿದ್ದುದನ್ನು ನಾನು ಆ ರಾತ್ರಿ ಎರಡು ನಿಮಿಷದಲ್ಲಿ ಮಾಡಿದೆ. ಎಕ್ಸ್‌ಪಿ-60ರಲ್ಲಿ ಸ್ಕೇಲ್ ಟ್ಯೂನ್ ಎಂಬ ಪುಟವಿದೆ. ಹನ್ನೆರಡು ಸ್ವರಗಳಿಗೂ ಒಂದೊಂದು ಮನೆ. ಷಡ್ಜ ಕರಿ ನಾಲ್ಕಾದರೆ ಗಾಂಧಾರ ಬರುವುದು ಬಿಳಿ ಒಂದಕ್ಕೆ. ಅಲ್ಲಿ ಮೈನಸ್ 14 ಕೊಟ್ಟೆ. ಧೈವತಕ್ಕೆ ಮೈನಸ್ 16, ನಿಷಾದಕ್ಕೆ ಮೈನಸ್ 12, ತೀವ್ರ ಮಧ್ಯಮಕ್ಕೆ ಮೈನಸ್ 10, ರಿಷಭಕ್ಕೆ ಪ್ಲಸ್ 4, ಪಂಚಮಕ್ಕೆ ಪ್ಲಸ್ 2. ಧೈವತದ ವಿಷಯದಲ್ಲಿ ಘರಾಣೆಗಳ ಕಿವಿ ಬೇರೆ ಬೇರೆ. ನಿಮ್ಮ ಗುರುಗಳ ಧೈವತ ಕೇಳಿಯೇ ಆ ಅಂಕಿ ಬರೆಯಬೇಕು.

ಸಿಂಥ್ ಸರಿಹೋಯಿತು, ಆದರೆ ಕಂಪ್ಯೂಟರಿನ ವಯಲಿನ್ ಗುಂಪು ಇನ್ನೂ ಹಳೆಯ ಗಾಂಧಾರದಲ್ಲೇ ಇತ್ತು. ಜೋಡಣೆಯ ವಿದ್ಯೆ ಬೇಕಾಗುವುದು ಇಲ್ಲಿ. ಐದು ಪಿನ್ನಿನ ಮಿಡಿ ಕೇಬಲ್ ಒಳಗೆ ಸ್ವರ ಹರಿಯುತ್ತದೆಂದು ಹೊಸಬರು ತಿಳಿಯುತ್ತಾರೆ. ಅದರಲ್ಲಿ ಹರಿಯುವುದು ಸುದ್ದಿ ಮಾತ್ರ: ಯಾವ ಕೀಲಿ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಒಂದು ಸ್ವರದ ಸುದ್ದಿ ಮುಟ್ಟಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಸಾಕು. ಸ್ವರ ತರಲು ಬೇರೆ ಆಡಿಯೋ ಕೇಬಲ್ ಬೇಕು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳವೊಂದರಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600ನ್ನು ರೋಲ್ಯಾಂಡಿನ ಜುಪಿಟರ್-6ಕ್ಕೆ ಹೀಗೆ ಜೋಡಿಸಿ ತೋರಿಸಿದರು. ಒಂದು ಕಂಪನಿಯ ವಾದ್ಯ ಇನ್ನೊಂದರ ಮಾತು ಕೇಳುವಂತೆ ಮಾಡಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು.

ಆ ಸುದ್ದಿಯಲ್ಲಿ ಕೀಲಿಗೆ ಒಂದು ಸಂಖ್ಯೆ ಇರುತ್ತದೆ. ನಮ್ಮ ಹುಡುಗಿಯ ಷಡ್ಜದ ಸಂಖ್ಯೆ 56, ಗಾಂಧಾರದ್ದು 60. ಆದರೆ 60 ಎಂದರೆ ಇಷ್ಟೇ ಹರ್ಟ್ಸ್ ಎಂದು ಆ ಸುದ್ದಿ ಹೇಳುವುದೇ ಇಲ್ಲ. ಕೀಲಿ ಯಾವುದೆಂದು ಹೇಳಿ ಸುಮ್ಮನಾಗುತ್ತದೆ. 60ನ್ನು ಎಲ್ಲಿ ನುಡಿಸಬೇಕೆಂದು ತೀರ್ಮಾನಿಸುವುದು ಸುದ್ದಿ ಪಡೆದ ಯಂತ್ರ. ನಾವು ಏನೂ ಹೇಳದಿದ್ದರೆ ಅದು ಕಾರ್ಖಾನೆಯಲ್ಲಿ ಕಲಿತ 400 ಸೆಂಟನ್ನೇ ನುಡಿಸುತ್ತದೆ. ಅಂದರೆ ನಮ್ಮ ಗಾಂಧಾರಕ್ಕೆ ಯಂತ್ರದಲ್ಲಿ ಜಾಗ ಇಲ್ಲವೆಂದಲ್ಲ, ಜಾಗ ಖಾಲಿ ಇದೆ. ತುಂಬುವವರು ಬೇಕು. ಲಾಜಿಕ್ ತಂತ್ರಾಂಶದಲ್ಲಿ ಶ್ರುತಿಯ ಪಟ್ಟಿ ಬರೆಯಬಹುದು. ಕ್ಯೂಬೇಸ್‌ನಲ್ಲಿ ಮೈಕ್ರೋ ಟ್ಯೂನರ್ ಇದೆ. 2024ರಲ್ಲಿ ಬಂದ ಏಬಲ್‌ಟನ್ ಲೈವ್ 12 ಬೇರೆ ಬೇರೆ ಶ್ರುತಿ ಪದ್ಧತಿಗಳನ್ನು ಒಳಗೇ ತಂದುಕೊಂಡಿದೆ. ಹಣವಿಲ್ಲದವರಿಗೆ ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಉಚಿತವಾಗಿಯೇ ಸಿಗುತ್ತದೆ, ಅದೂ ಶ್ರುತಿಯ ಕಡತ ಓದುತ್ತದೆ. ಇದು ಯಾವುದೂ ಗೊತ್ತಿಲ್ಲದೆ ಹುಡುಗರು ಯೂಟ್ಯೂಬ್ ನೋಡಿ ಕೇಬಲ್ ಚುಚ್ಚುತ್ತಿದ್ದಾರೆ. ಅಲ್ಲಿ ಹೇಳಿಕೊಡುವವರಿಗೆ ಯಮನ್ ಗೊತ್ತಿಲ್ಲ. ಇಲ್ಲಿ ಯಮನ್ ಬಲ್ಲವರು ಕೇಬಲ್ ಮುಟ್ಟುವುದಿಲ್ಲ.

ಜೋಡಣೆಯಲ್ಲಿ ಲಯಕ್ಕೂ ಪೆಟ್ಟು ಬೀಳುತ್ತದೆ. ಕಂಪ್ಯೂಟರ್ ಸ್ವರವನ್ನು ಸೆಕೆಂಡಿಗೆ 44,100 ತುಣುಕು ಮಾಡಿ, ಒಂದಿಷ್ಟು ತುಣುಕು ಕೂಡಿದ ಮೇಲೆ ಮುಂದೆ ಕಳಿಸುತ್ತದೆ. ಆ ಕೂಡಿಡುವ ಜಾಗಕ್ಕೆ ಬಫರ್ ಎನ್ನುತ್ತಾರೆ. ಬಫರ್ 1024 ಇದ್ದರೆ ಅಲ್ಲಿಯೇ 23 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಸುಮಾರು ಎಂಟು ಮೀಟರ್ ಸಾಗುತ್ತದೆ. ಅಂದರೆ ತಬಲಾದವರನ್ನು ಎಂಟು ಮೀಟರ್ ಆಚೆ ಕೂಡಿಸಿ ದ್ರುತ್ ತೀನ್‌ತಾಲ ಹಾಡಿದಂತೆ. ಹಾಡುವಾಗ ಬಫರನ್ನು 128ಕ್ಕೆ ಇಳಿಸಿದರೆ ಆ ದೂರ ಒಂದು ಮೀಟರಿಗೆ ಬರುತ್ತದೆ. ಇನ್ನೊಂದು ಕಾಟ ಕರೆಂಟಿನದು. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದೊಡನೆ ಸಿಂಥಿನ ಆಡಿಯೋ ತಂತಿಯಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಅದು 50 ಹರ್ಟ್ಸಿನ ವಿದ್ಯುತ್ತಿನ ಕೂಗು. ಯಾವ ಷಡ್ಜಕ್ಕೂ ಹೊಂದದ ಒಂದು ತಂಬೂರಿ ಹಿಂದೆ ಕೂತಂತೆ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿನಿಂದ, ಸರಿಯಾದ ಅರ್ಥಿಂಗ್ ಕೊಟ್ಟು ಚಲಾಯಿಸಿದರೆ ಬಹುಮಟ್ಟಿಗೆ ಅಡಗುತ್ತದೆ. ಸುರ, ಲಯ, ತಂಬೂರಿಯ ಶುದ್ಧತೆ ಎಂದು ಗುರುಗಳು ಕಲಿಸುವ ಮೂರೂ ಈ ತಂತಿಗಳಲ್ಲಿಯೂ ಇವೆ ನೋಡಿ.

ಎಲೆಕ್ಟ್ರಾನಿಕ್ ವಾದ್ಯ ಬಂದರೆ ಶಾಸ್ತ್ರೀಯ ಸಂಗೀತ ಕೆಡುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಅದಕ್ಕೆ ಕಾರಣವಿದೆ. ಹಾರ್ಮೋನಿಯಂನ ಸ್ವರಗಳು ನಮ್ಮವಲ್ಲ, ಅದರಲ್ಲಿ ಮೀಂಡ್ ಇಲ್ಲ ಎಂಬ ಆಕ್ಷೇಪದಿಂದಲೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. 1950ರ ಜನವರಿ 8ರಂದು ನಮ್ಮ ಧಾರವಾಡ ಕೇಂದ್ರ ಶುರುವಾದದ್ದು ಆ ನಿಷೇಧದ ಕಾಲದಲ್ಲೇ. ಆಕ್ಷೇಪ ಸುಳ್ಳಲ್ಲ, ಮದ್ದು ತಪ್ಪಾಗಿತ್ತು. ನಿಷೇಧ ಪೇಟಿಯನ್ನು ತಿದ್ದಲಿಲ್ಲ. ಕೂತು ದುಡಿದವರು ತಿದ್ದಿದರು. ಬೆಳಗಾವಿಯ ರಾಮಭಾವು ಬಿಜಾಪುರೆಯವರು ಬೆರಳ ತುದಿಯಿಂದ ಪೇಟಿಗೆ ಮಾನ ತಂದರು. ವಿದ್ಯಾಧರ ಓಕ್ ಅವರು 22 ಶ್ರುತಿಯ ಹಾರ್ಮೋನಿಯಂ ಕಟ್ಟಿದರು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ಕೊಳಲು ಬಲ್ಲ ಇಂಜಿನಿಯರ್ ಆಗಿದ್ದರಿಂದಲೇ ಎಲೆಕ್ಟ್ರಾನಿಕ್ ತಂಬೂರಿ ನಮ್ಮ ಮನೆಗಳಿಗೆ ಬಂತು. ಅದನ್ನಿಟ್ಟುಕೊಂಡು ರಿಯಾಜ್ ಮಾಡದ ಮನೆ ಇಂದು ನಮ್ಮ ಓಣಿಯಲ್ಲಿ ಅಪರೂಪ.

ಧಾರವಾಡಕ್ಕೆ ವಾದ್ಯ ತಿದ್ದುವುದು ಹೊಸದಲ್ಲ. ಇಲ್ಲಿ ನೆಲೆಸಿ ಸಿತಾರಿನ ಪರಂಪರೆಯನ್ನೇ ಬೆಳೆಸಿದ ಉಸ್ತಾದ್ ರಹಿಮತ್ ಖಾನ್ ಅವರು ಸಿತಾರಿನ ತಂತಿಗಳ ಜೋಡಣೆಯನ್ನು ತಮ್ಮ ಕಿವಿಗೆ ತಕ್ಕಂತೆ ಬದಲಿಸಿದವರು. ಇದ್ದ ವಾದ್ಯ ಇದ್ದಂತೆಯೇ ಇರಲಿ ಎಂದು ಅವರು ಕೂತಿದ್ದರೆ ಆ ಪರಂಪರೆಯ ನಾದವೇ ಬೇರೆಯಾಗುತ್ತಿತ್ತು.

ಯಂತ್ರಕ್ಕೊಂದು ಮಿತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂಕಿಯ ಪಟ್ಟಿ ರಾಗವಲ್ಲ. ದರಬಾರಿಯ ಗಾಂಧಾರ ಒಂದು ಮನೆಯಲ್ಲಿ ಕೂಡುವ ಸ್ವರವೇ ಅಲ್ಲ, ಅದು ಆಂದೋಲನದಲ್ಲಿ ಬದುಕುತ್ತದೆ. ಹಳೆಯ ಮಿಡಿಯಲ್ಲಿ ಪಿಚ್ ಚಕ್ರ ತಿರುಗಿಸಿದರೆ ಆ ಚಾನೆಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೇ ಬಾಗುತ್ತವೆ. 2018ರಲ್ಲಿ ಒಪ್ಪಿತವಾದ ಎಂಪಿಇ ಪದ್ಧತಿ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಟ್ಟು ಬೇರೆ ಬೇರೆಯಾಗಿ ಬಾಗುವಂತೆ ಮಾಡಿದೆ. ಆದರೂ ಮೀಂಡ್ ಕಂಠದ್ದೇ, ಸಾರಂಗಿಯದೇ. ಸಿಂಥ್ ಹಿಂದೆ ಕೂತು ಷಡ್ಜ, ಪಂಚಮ, ಗಾಂಧಾರ ಹಿಡಿಯಲಿ. ಆದರೆ ಹಿಡಿದದ್ದು ಸರಿಯಾದ ಗಾಂಧಾರವಾಗಿರಲಿ. 1982ರಲ್ಲಿ ಮುಂಬೈನ ಚರಣಜಿತ್ ಸಿಂಗ್ ಅವರು ಮೂರು ರೋಲ್ಯಾಂಡ್ ಯಂತ್ರ ಜೋಡಿಸಿ ಹತ್ತು ರಾಗಗಳ ತಟ್ಟೆ ತಂದರು. ಧೈರ್ಯದ ಕೆಲಸ, ಜಗತ್ತು ಅದನ್ನು ಗುರುತಿಸಿದ್ದು ಬಹಳ ತಡವಾಗಿ. ಅವರಿಗೆ ಸಿಗದಿದ್ದ ಅನುಕೂಲಗಳು ಇಂದು ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿವೆ.

ಇದನ್ನು ಕಲಿಯದೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಒಬ್ಬ ಶಿಷ್ಯ ಹಾಡಿದ ಭಜನೆಯನ್ನು ಒಂದು ಸ್ಟುಡಿಯೋದವರು ದನಿ ತಿದ್ದುವ ತಂತ್ರಾಂಶಕ್ಕೆ ಹಾಕಿ ಹೊರಗೆ ತಂದರು. ಅವನ ಸರಿಯಾದ ಗಾಂಧಾರವನ್ನು ತಂತ್ರಾಂಶ ತಪ್ಪೆಂದು ಎಣಿಸಿ 400ಕ್ಕೆ ಎಳೆದು ಕೂಡಿಸಿತ್ತು. ಕೇಳಿದವರೆಲ್ಲ ಚಲೋ ಬಂದೈತಿ ಅಂದರು. ಹತ್ತು ವರ್ಷ ಇಂಥದ್ದನ್ನೇ ಕೇಳಿ ಬೆಳೆದ ಮಗುವಿಗೆ ಸ್ವಯಂಭೂ ಗಾಂಧಾರವೇ ಬೇಸೂರು ಅನ್ನಿಸಲು ಶುರುವಾಗುತ್ತದೆ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಹಾಗಾಗಲು ಬಿಡಬಾರದು.

ಎಲ್ಲವೂ ತಂತ್ರಾಂಶದಲ್ಲೇ ಇರುವಾಗ ಹಳೆಯ ಸಿಂಥ್ ಯಾಕೆ ಎಂದು ಹುಡುಗರು ಕೇಳುತ್ತಾರೆ. ಮೌಸ್ ಹಿಡಿದ ಕೈ ಸ್ವರ ಕಲಿಯುವುದಿಲ್ಲ, ಕೀಲಿ ಒತ್ತಿದ ಬೆರಳು ಕಲಿಯುತ್ತದೆ ಎಂಬುದು ನನ್ನ ಉತ್ತರ. ನನ್ನ ಎಕ್ಸ್‌ಪಿ-60 ಬಂದದ್ದು ಕಳೆದ ಶತಮಾನದ ಕೊನೆಯಲ್ಲಿ. ನಡುವೆ ನಾನು ನಾಲ್ಕು ಕಂಪ್ಯೂಟರ್ ಬದಲಿಸಿದ್ದೇನೆ. ಅದು ಹಾಗೇ ಇದೆ. ಇಂಥ ವಾದ್ಯಗಳು ಆರ್ಕೆಸ್ಟ್ರಾ ಬಿಟ್ಟವರ ಮನೆಗಳಲ್ಲಿ ಬಟ್ಟೆ ಹೊದ್ದು ಬಿದ್ದಿವೆ. ಎಸೆಯಬೇಡಿ, ಹತ್ತಿರದ ಸಂಗೀತ ಶಾಲೆಗೆ ಕೊಡಿ.

ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ, ಕಾಲೇಜುಗಳಿಗೆ, ಮನೆಯಲ್ಲಿ ಪಾಠ ಹೇಳುವ ಗುರುಗಳಿಗೆ ನನ್ನ ಬೇಡಿಕೆ ಚಿಕ್ಕದು. ಒಂದು ಕೋಣೆ, ಒಂದು ಹಳೆಯ ಸಿಂಥ್, ಒಂದು ಲ್ಯಾಪ್‌ಟಾಪ್, ಒಂದು ತಂಬೂರಿ, ವಾರಕ್ಕೆ ಒಂದು ಗಂಟೆ. ಪರೀಕ್ಷೆಗೂ ಒಂದೇ ಪ್ರಶ್ನೆ ಸಾಕು: ತಂಬೂರಿ ಮೀಟಿ, ಯಂತ್ರದ ಗಾಂಧಾರವನ್ನು ತೂಗಾಟ ನಿಲ್ಲುವವರೆಗೆ ಇಳಿಸಿ ತೋರಿಸು. ಇಷ್ಟು ಮಾಡಬಲ್ಲ ಇಪ್ಪತ್ತು ಹುಡುಗ ಹುಡುಗಿಯರು ಪ್ರತಿ ವರ್ಷ ಧಾರವಾಡದಿಂದ ಹೊರಬಿದ್ದರೆ ಸ್ಟುಡಿಯೋಗಳಲ್ಲಿ ನಮ್ಮ ಸ್ವರಕ್ಕೆ ಕಾವಲುಗಾರರಿರುತ್ತಾರೆ, ಅವರಿಗೂ ಒಂದು ಉದ್ಯೋಗವಿರುತ್ತದೆ.

ಆ ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನ ವಯಲಿನ್‌ಗೂ ಅದೇ ಪಟ್ಟಿ ಬರೆದು ಹೆಡ್‌ಫೋನ್ ಮತ್ತೆ ಅವಳ ಕೈಗೆ ಕೊಟ್ಟೆ. ಐದನೇ ಸಲ ಹಾಡಿದ್ದೇ ವಚನದ ಕೊನೆಯ ಮುದ್ರಣವಾಯಿತು.