ಗೃಹಸ್ಥರ ತಿಳಿವಳಿಕೆಗೆ: ಸಿಪಾಯಿಯ ಪೀನಸವೂ ಪಿಂಚಣಿಯ ಮೇಲ್ಮನವಿಯೂ

ರೋಗಗಳಲ್ಲಿಯೂ ದೊಡ್ಡದು ಚಿಕ್ಕದೆಂಬ ಮರ್ಯಾದೆಯುಂಟು. ರಣರಂಗದಲ್ಲಿ ಕಾಲು ಕಳೆದುಕೊಂಡು ಬಂದವನನ್ನು ಊರೇ ಎದ್ದುನಿಂತು ಗೌರವಿಸುವುದು. ಮೂಗು ಕಟ್ಟಿ, ಹಣೆ ಸಿಡಿದು, ರಾತ್ರಿಯೆಲ್ಲ ಹೊರಳಾಡುವ ಮಾಜಿ ಸೈನಿಕನನ್ನು ಕಂಡರೆ ಮನೆಯವರೇ “ನೆಗಡಿ ತಾನೆ!” ಎಂದುಬಿಡುವರು. ಅವನೂ ಹಾಗೆಯೇ ಎಣಿಸಿ ಸುಮ್ಮನಾಗುವನು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಂತಹ ಊರಿನಲ್ಲಿ, ಕಚೇರಿಗಳಿಗೆ ದೂರವಾಗಿ ಬಾಳುವ ಕುಟುಂಬಕ್ಕೆ ಈ ಮೌನವು ನಷ್ಟವನ್ನುಂಟುಮಾಡಬಹುದು. ಆದುದರಿಂದ ಈ ವಿಷಯವನ್ನು ಗೃಹಸ್ಥರು ಅರಿತಿರುವುದು ಲೇಸು.

ಮೂಗಿನ ಸುತ್ತಣ ಎಲುಬುಗಳೊಳಗೆ ನಾಲ್ಕು ಜೊತೆ ಟೊಳ್ಳುಗಳಿವೆ. ಇವನ್ನೇ ಸೈನಸ್ ಎನ್ನುವರು. ಇವುಗಳ ಕಿರುಬಾಯಿಗಳು ಊದಿ ಮುಚ್ಚಿಕೊಂಡರೆ ಒಳಗಣ ಲೋಳೆಯು ಹೊರಬರಲಾರದೆ ಕೆಡುವುದು. ಈ ಬಾಧೆಯು 12 ವಾರಗಳನ್ನು ಮೀರಿ ನಿಂತರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸ್ ರೋಗವೆಂದು ಗಣಿಸುವರು. ಮರುಭೂಮಿಯ ಧೂಳು, ಲಡಾಖಿನ ಒಣ ಚಳಿ, ಬಂಕರಿನೊಳಗಣ ಹೊಗೆ, ವಿಮಾನ ಏರಿಳಿಯುವಾಗಿನ ಗಾಳಿಯ ಒತ್ತಡ, ಇವು ರೋಗವನ್ನು ಹುಟ್ಟಿಸದಿದ್ದರೂ ಇದ್ದುದನ್ನು ಕೆರಳಿಸಬಲ್ಲವು.

“ಕೆರಳಿಸುವುದು” ಎಂಬ ಈ ಮಾತಿನಲ್ಲಿಯೇ ಪಿಂಚಣಿಯ ಮರ್ಮವಡಗಿದೆ. ಅಂಗವೈಕಲ್ಯ ಪಿಂಚಣಿಗೆ ರೋಗವು ಸೇವೆಯಿಂದ ಉಂಟಾಗಿರಬೇಕು, ಅಥವಾ ಸೇವೆಯಿಂದ ಉಲ್ಬಣಿಸಿರಬೇಕು; ಎರಡರಲ್ಲೊಂದು ಸಾಕು. ಅದರ ಪ್ರಮಾಣವು ಶೇಕಡ 20ಕ್ಕೆ ಕಡಿಮೆಯಿರಬಾರದು. ಇವೆರಡನ್ನೂ ಕುರಿತು ಮೊದಲು ಅಭಿಪ್ರಾಯ ಕೊಡತಕ್ಕದ್ದು ಬಿಡುಗಡೆಯ ಕಾಲದ ವೈದ್ಯಕೀಯ ಮಂಡಳಿ.

ಮಂಡಳಿಯು “ಸೇವೆಗೂ ಇದಕ್ಕೂ ಸಂಬಂಧವಿಲ್ಲ” ಎಂದು ಒಂದೇ ಸಾಲು ಬರೆದರೆ ಅಲ್ಲಿಗೆ ಮುಗಿಯಿತೆ? ಮುಗಿಯಲಿಲ್ಲ. 2013ರ ಜುಲೈಯಲ್ಲಿ ಧರಮ್‌ವೀರ್ ಸಿಂಗ್ ಎಂಬ ಸೈನಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ವಿಚಾರಿಸಿತು. ಅವರದು ಮೂಗಿನ ರೋಗವಲ್ಲ, ಮೂರ್ಛೆರೋಗ. ಆದರೆ ನ್ಯಾಯಸೂತ್ರ ಒಂದೇ. ಸೇನೆಗೆ ಸೇರುವಾಗ ಪರೀಕ್ಷಿಸಿ ಆರೋಗ್ಯವಂತನೆಂದು ತೆಗೆದುಕೊಂಡ ಮೇಲೆ, ರೋಗದ ಉಲ್ಲೇಖವು ಆಗ ದಾಖಲೆಯಲ್ಲಿಲ್ಲದಿದ್ದರೆ, ಅದು ಸೇವೆಯಲ್ಲಿಯೇ ಬಂದಿತೆಂದು ಭಾವಿಸತಕ್ಕದ್ದು. ಅಲ್ಲವೆನ್ನುವವರು ಕಾರಣ ಕೊಡತಕ್ಕದ್ದು. “ನಿಮ್ಮ ಸೀಮೆಯ ಧೂಳಿನಿಂದಲೇ ಬಂದಿರಬಹುದಲ್ಲ” ಎಂಬ ಆಕ್ಷೇಪಣೆಗೆ ಸೇರುವ ದಿನದ ಈ ದಾಖಲೆಯೇ ಉತ್ತರ. ಆದರೂ ಅರ್ಹತೆಯ ನಿಯಮಗಳು 1982ರಲ್ಲಿ ಒಂದು ಬಗೆ, 2008ರಲ್ಲಿ ಒಂದು ಬಗೆ, 2023ರ ಸೆಪ್ಟೆಂಬರಿನಿಂದ ಮತ್ತೊಂದು ಬಗೆ ಇರುವುದರಿಂದ, ಸೇವೆ ಬಿಟ್ಟ ವರ್ಷವನ್ನು ಮೊದಲು ನೋಡಿಕೊಳ್ಳಬೇಕು.

ಇನ್ನು ಪ್ರಮಾಣದ ಮಾತು. ರೋಗದ ಕಾರಣದಿಂದಲೇ ಅವಧಿಗೆ ಮುಂಚೆ ಸೇವೆಯಿಂದ ಕಳುಹಿಸಲ್ಪಟ್ಟವನ ಊನತೆಯು ಶೇಕಡ 20ನ್ನು ಮೀರಿದುದೆಂದೇ ಭಾವಿಸಬೇಕೆಂದು 2014ರಲ್ಲಿ ಸುಖ್‌ವಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪಾಯಿತು. ಅವಧಿ ಮುಗಿಸಿ ಬಂದವನಿಗೆ ಈ ಅನುಕೂಲವಿಲ್ಲ; ಶೇಕಡ 20ಕ್ಕೆ ಕಡಿಮೆಯಾದರೆ ಏನೂ ದೊರೆಯದೆಂದು 2019ರ ಡಿಸೆಂಬರಿನಲ್ಲಿ ರಾಥೋರ್ ಪ್ರಕರಣದಲ್ಲಿ ಸ್ಪಷ್ಟವಾಯಿತು. 20ನ್ನು ಮುಟ್ಟಿದರೆ ಮಾತ್ರ ಸ್ಥಿತಿಯೇ ಬೇರೆ. ರಾಮ್ ಅವತಾರ್ ಪ್ರಕರಣದ 2014ರ ತೀರ್ಪಿನಂತೆ ಅದನ್ನು 50 ಎಂದು ಎಣಿಸುವರು. ನೂರಕ್ಕೆ ನೂರು ಊನತೆಗೆ ಕೊನೆಯ ವೇತನದ ಶೇಕಡ 30 ಕೊಡುವ ಲೆಕ್ಕದಲ್ಲಿ, ವೇತನದ ಪ್ರತಿ 10,000 ರೂಪಾಯಿಗೆ ತಿಂಗಳಿಗೆ 600ರ ಬದಲು 1,500 ರೂಪಾಯಿ ಬರುವುದು. ಆದುದರಿಂದ 19ಕ್ಕೂ 20ಕ್ಕೂ ನಡುವಣ ಆ ಒಂದು ಅಂಕ ಅಲ್ಪವಲ್ಲ.

ಮನೆಯವರು ಮಾಡತಕ್ಕ ಕೆಲಸವಾದರೂ ಏನು? ಹಳೆಯ ಟ್ರಂಕನ್ನು ತೆರೆದು ಕಾಗದಗಳನ್ನು ವಿಂಗಡಿಸಿರಿ. ಸೇನಾ ಆಸ್ಪತ್ರೆಯ ಚೀಟಿಗಳು, ಎಕ್ಸರೇ, ಸ್ಕ್ಯಾನ್ ವರದಿಗಳು, ಶಸ್ತ್ರಚಿಕಿತ್ಸೆಯ ಪತ್ರ, ಬಿಡುಗಡೆಯ ಪುಸ್ತಕ, ಇವಾವುದನ್ನೂ ಒಲೆಗೆ ಹಾಕಬೇಡಿರಿ. ಯಾವ ವರ್ಷ ಎಲ್ಲಿ ಕೆಲಸಮಾಡಿದರು, ಮೂಗಿನ ಬಾಧೆ ಎಲ್ಲಿ ಮೊದಲಾಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿರಿ. ಮಂಡಳಿಯ ವರದಿ ಕೈಯಲ್ಲಿಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ದಾಖಲೆ ಕಚೇರಿಯಿಂದ ಕೇಳಬಹುದು. ಇಲ್ಲದ ರೋಗವನ್ನು ಮಾತ್ರ ಬರೆಯಬಾರದು. ಒಂದು ಸುಳ್ಳು ನೂರು ನಿಜಗಳನ್ನು ಕೆಡಿಸುವುದು.

ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲನೆಯ ಮೇಲ್ಮನವಿ. ಅದೂ ತಿರಸ್ಕೃತವಾದರೆ ಎರಡನೆಯದು. ಅನಂತರ 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದರ ಪೀಠವೊಂದು ಕೊಚ್ಚಿಯಲ್ಲಿದೆ. ಕಾಲ ಮೀರಿದವರೂ ಕೈಚೆಲ್ಲಬೇಕಾಗಿಲ್ಲ. 1983ರಲ್ಲಿ ಸೇವೆ ಬಿಟ್ಟು 1999ರಲ್ಲಿ ನ್ಯಾಯಾಲಯಕ್ಕೆ ಹೋದ ತರ್ಸೇಮ್ ಸಿಂಗ್ ಅವರಿಗೂ ಪಿಂಚಣಿ ದೊರೆಯಿತು. ಆದರೆ ಅರ್ಜಿಗೆ ಹಿಂದಣ ಮೂರು ವರ್ಷಗಳ ಬಾಕಿಯನ್ನು ಮಾತ್ರ ಕೊಡತಕ್ಕದ್ದೆಂದು 2008ರಲ್ಲಿ ತೀರ್ಮಾನವಾಯಿತು. ತಡಮಾಡಿದ ಮಿಕ್ಕ ವರ್ಷಗಳು ಹೋದಂತೆಯೇ ಸರಿ.

ಹಾಲುರಾಮೇಶ್ವರದ ಕೊಳದ ಬಳಿ ಭಕ್ತರು ಕೈಮುಗಿದು, ಗಂಗಮ್ಮನ ಪ್ರಸಾದ ನೀರಿನ ಮೇಲೆ ತೇಲಿಬರುವುದನ್ನು ಕಾಯುವರು. ದೇವರ ಮುಂದೆ ಕಾಯುವುದು ಭಕ್ತಿ. ಸರ್ಕಾರದ ಮುಂದೆ ಬಾಯ್ದೆರೆಯದೆ ಕಾಯುವುದು ಭಕ್ತಿಯೂ ಅಲ್ಲ, ವಿನಯವೂ ಅಲ್ಲ. ಅಲ್ಲಿ ಬರೆದು ಕೇಳಿದವನಿಗೇ ಉತ್ತರ. ದೇಶಕ್ಕಾಗಿ ಉಸಿರು ಸವೆಸಿ ಬಂದವನು ತನ್ನ ಉಸಿರಿನ ತೊಂದರೆಯನ್ನು ಹೇಳಿಕೊಳ್ಳಲು ನಾಚಿದರೆ, ಪಕ್ಕದಲ್ಲಿ ಕುಳಿತು ಅರ್ಜಿ ಬರೆಯಿಸುವುದು ಮನೆಯವರ ಧರ್ಮ.