ನೆಲ ಒರೆಸುವುದೂ ಶುಶ್ರೂಷೆಯೇ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಇಬ್ಬರನ್ನು ಒಂದೇ ರಿಕ್ಷಾದಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಒಬ್ಬರು ದಮ್ಮಿನ ಕಾಯಿಲೆಯಿರುವ, ಎಪ್ಪತ್ತು ದಾಟಿದ ಅಜ್ಜಿ. ಇನ್ನೊಬ್ಬಳು ಅವರನ್ನು ನೋಡಿಕೊಳ್ಳಲು ಏಜೆನ್ಸಿಯ ಮೂಲಕ ಬಂದು ನಾಲ್ಕೇ ದಿನವಾಗಿದ್ದ ಹುಡುಗಿ. ಇಬ್ಬರಿಗೂ ಬಿಡದ ಕೆಮ್ಮು, ಕಣ್ಣುರಿ. ಅಜ್ಜಿಗಂತೂ ಉಸಿರೆಳೆಯುವುದೇ ಕಷ್ಟವಾಗಿತ್ತು.

ಆದದ್ದಿಷ್ಟು. ಬಚ್ಚಲಿನ ಪಾಚಿ ಹೋಗಲೆಂದು ಹುಡುಗಿ ಬ್ಲೀಚಿಂಗ್ ಪುಡಿ ಹಾಕಿ, ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಿದ್ದಳು. ಇವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಪಕ್ಕದ ಕೋಣೆಯಲ್ಲೇ ಅಜ್ಜಿ ಮಲಗಿದ್ದರು. ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಕಳುಹಿಸಿದೆ. ಪುಣ್ಯಕ್ಕೆ ಎರಡು ದಿನದಲ್ಲಿ ಮನೆಗೆ ಮರಳಿದರು.

“ಇಷ್ಟು ದುಡ್ಡು ಕೊಟ್ಟು ಕರೆಸಿದ್ದೇವೆ ಡಾಕ್ಟ್ರೇ, ಇದೂ ಗೊತ್ತಿಲ್ಲವಲ್ಲ!” ಎಂದು ಮಗ ರೇಗಿದರು. ನಾನು ಹುಡುಗಿಯನ್ನು ಕೇಳಿದೆ: “ನಿನಗೆ ಯಾರಾದರೂ ಹೇಳಿಕೊಟ್ಟಿದ್ದರೇನಮ್ಮ?” ಅವಳೆಂದಳು: “ಇಲ್ಲ ಸಾರ್. ಅಡ್ರೆಸ್ ಕೊಟ್ಟು ಬಸ್ಸು ಹತ್ತಿಸಿದರು, ಅಷ್ಟೇ.”

ತಪ್ಪು ಯಾರದು? ನನ್ನ ದೃಷ್ಟಿಯಲ್ಲಿ ಆ ಹುಡುಗಿಯದಂತೂ ಅಲ್ಲ.

ಮಕ್ಕಳು ದೂರದೂರುಗಳಲ್ಲಿರುವ ಮನೆಗಳಲ್ಲಿ ಇಂದು ವೃದ್ಧರ ಆರೈಕೆ ಇಂಥ ಸಹಾಯಕಿಯರ ಕೈಯಲ್ಲಿದೆ. ನಾವು ಅವರನ್ನು ‘ಹೋಂ ನರ್ಸ್’ ಎನ್ನುತ್ತೇವೆ. ಆದರೆ ಅವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಗುಡಿಸುವುದು, ಬಟ್ಟೆ ಒಗೆಯುವುದು, ಗಂಜಿ ಬೇಯಿಸುವುದು, ರೋಗಿಯನ್ನು ಶೌಚಕ್ಕೆ ಕರೆದೊಯ್ಯುವುದು ಅವರ ಕೆಲಸ. “ಮನೆಗೆಲಸಕ್ಕೆ ತರಬೇತಿ ಯಾಕೆ, ನಮ್ಮ ಅಮ್ಮಂದಿರು ಯಾವ ಕೋರ್ಸ್ ಮಾಡಿದ್ದರು?” ಎಂದು ನೀವು ಕೇಳಬಹುದು. ಆರೋಗ್ಯವಂತರ ಮನೆಗೆ ಈ ಮಾತು ಸರಿ. ರೋಗಿಯಿರುವ ಮನೆಯಲ್ಲಿ ಮನೆಗೆಲಸವೂ ಚಿಕಿತ್ಸೆಯ ಒಂದು ಭಾಗ. ನೆಲ ಒರೆಸಿ ಒದ್ದೆ ಬಿಟ್ಟರೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಹಾಸಿಗೆಯ ಬಟ್ಟೆ ಮುದುಡಿ ತೇವವಾಗಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಇನ್ಸುಲಿನ್ ತೆಗೆದುಕೊಂಡವರಿಗೆ ತಿಂಡಿ ತಡವಾದರೆ ಸಕ್ಕರೆ ಅಂಶ ಕುಸಿದು ಎಚ್ಚರ ತಪ್ಪಬಹುದು. ಪಾರ್ಶ್ವವಾಯು ಆದವರಿಗೆ ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇವೆಲ್ಲ ನಾನು ಕಂಡಿರುವ ಸಂಗತಿಗಳೇ.

ಒಂದು ಹೋಲಿಕೆ ನೋಡಿ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿಗೆ 2005ರ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕು, ಅವನಿಗೆ ತರಬೇತಿಯನ್ನೂ ಕೊಡಿಸಬೇಕು. ಗೇಟಿಗೆ ಬೇಕಾದ ತರಬೇತಿ ಹೆತ್ತವರ ಹಾಸಿಗೆಯ ಪಕ್ಕಕ್ಕೆ ಬೇಡವೇ? ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ವಿಮೆಯಡಿ ಮನೆಗೆ ಬಂದು ರೋಗಿಯ ಆರೈಕೆ ಮಾಡುವ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿಯ ನಿಯಮವಿದೆ. ಅದರಲ್ಲಿ ಕನಿಷ್ಠ 16 ಗಂಟೆ ಕೈಯಾರೆ ಮಾಡಿ ಕಲಿಯಬೇಕು. ನರ್ಸ್ ಸೇವೆಯೂ ಬೇಕಿರುವ ರೋಗಿಯಾದರೆ, ಸಹಾಯಕರ ಕೆಲಸವನ್ನು 14 ದಿನಕ್ಕೊಮ್ಮೆ ಪರಿಶೀಲಿಸಬೇಕು. ನಮ್ಮಲ್ಲೂ ‘ಹೋಂ ಹೆಲ್ತ್ ಏಡ್’ ಎಂಬ ಕೌಶಲ ತರಬೇತಿ ಇದೆ. ಆದರೆ ಅದನ್ನು ಮುಗಿಸಿದವರನ್ನೇ ಕಳುಹಿಸುತ್ತೇವೆ ಎಂದು ನಾನು ವಿಚಾರಿಸಿದ ಯಾವ ಏಜೆನ್ಸಿಯೂ ಹೇಳಲಿಲ್ಲ.

ಸರಕಾರ ಇಂಥ ಏಜೆನ್ಸಿಗಳಿಗೂ ನೋಂದಣಿ, ತರಬೇತಿ ಮತ್ತು ಮೇಲ್ವಿಚಾರಣೆಯನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬರಿಯ ಸರ್ಟಿಫಿಕೇಟಿನಿಂದ ಪ್ರಯೋಜನವಿಲ್ಲ. ಕಲಿತದ್ದು ಮನೆಯಲ್ಲಿ ನಡೆಯುತ್ತಿದೆಯೇ ಎಂದು ನೋಡಲು ತಿಳಿದವರೊಬ್ಬರು ಹದಿನೈದು ದಿನಕ್ಕೊಮ್ಮೆಯಾದರೂ ಬರಬೇಕು. ಖರ್ಚು ಸ್ವಲ್ಪ ಹೆಚ್ಚೀತು, ನಿಜ. ಮುರಿದ ಸೊಂಟದ ಶಸ್ತ್ರಚಿಕಿತ್ಸೆಯ ಖರ್ಚು ಅದಕ್ಕಿಂತ ಬಹಳ ದೊಡ್ಡದು.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸಹಾಯಕಿಯನ್ನು ಒಪ್ಪಿಕೊಳ್ಳುವ ಮೊದಲು ಏನು ಕಲಿಸಿದ್ದೀರಿ, ಯಾರು ಬಂದು ನೋಡುತ್ತಾರೆ ಎಂದು ಏಜೆನ್ಸಿಯನ್ನು ಕೇಳಿ. ಮೊದಲ ದಿನವೇ ಮನೆಯವರೊಬ್ಬರು ಜೊತೆಗಿದ್ದು ಎಲ್ಲವನ್ನೂ ತೋರಿಸಿ. ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಬೇರೆ ಬೇರೆ ಇಡಿ, ಎಂದಿಗೂ ಬೆರೆಸಬಾರದೆಂದು ತಿಳಿಸಿ. ರೋಗಿಯನ್ನು ಮುಟ್ಟುವ ಮೊದಲೂ ನಂತರವೂ ಸೋಪಿನಿಂದ ಕೈ ತೊಳೆಯಲು ಹೇಳಿ. ಅವಳು ಮಾಡಬಾರದ ಕೆಲಸಗಳನ್ನೂ ಬರೆದಿಡಿ: ಮಾತ್ರೆಯ ಪ್ರಮಾಣ ಬದಲಿಸುವುದು, ಇಂಜೆಕ್ಷನ್ ಕೊಡುವುದು, ಮೂಗಿನ ನಳಿಕೆ ಅಥವಾ ಮೂತ್ರದ ನಳಿಕೆ ತೆಗೆದು ಹಾಕುವುದು ಅವಳ ಕೆಲಸವಲ್ಲ. ಊಟ, ಮಲಮೂತ್ರ, ಜ್ವರ, ಬಿದ್ದದ್ದು ಎಲ್ಲವೂ ಒಂದು ನೋಟ್‌ಪುಸ್ತಕದಲ್ಲಿರಲಿ. ತುರ್ತಿಗೆ ಕರೆಯಬೇಕಾದ ಫೋನ್ ನಂಬರು ಗೋಡೆಯ ಮೇಲಿರಲಿ.

ಇನ್ನೊಂದು ಮಾತು. ಮೇಲ್ವಿಚಾರಣೆ ಎಂದರೆ ಅನುಮಾನದ ಕಣ್ಣಿಡುವುದಲ್ಲ. ರಾತ್ರಿಯೆಲ್ಲ ಎದ್ದಿದ್ದವಳಿಗೆ ಹಗಲು ನಿದ್ದೆ ಬೇಕು, ವಾರಕ್ಕೊಂದು ರಜೆ ಬೇಕು, ಹೊಟ್ಟೆತುಂಬ ಊಟ ಬೇಕು. ತಪ್ಪಾದಾಗ ಹೆದರದೆ ಹೇಳುವ ಧೈರ್ಯ ಅವಳಿಗೆ ಬರುವುದು ನಮ್ಮ ನಡವಳಿಕೆಯಿಂದ. ಬೈಗುಳಕ್ಕೆ ಅಂಜಿ ಮುಚ್ಚಿಟ್ಟ ತಪ್ಪೇ ರೋಗಿಗೆ ಹೆಚ್ಚು ಅಪಾಯಕಾರಿ.

ಅಂದು ಬಂದಿದ್ದ ಹುಡುಗಿ ಈಗಲೂ ಆ ಅಜ್ಜಿಯ ಮನೆಯಲ್ಲೇ ಇದ್ದಾಳೆ. ಮಗನಿಗೆ ನಾನು ಹೇಳಿದ್ದು ಇಷ್ಟೆ: “ಇವಳನ್ನು ಕಳುಹಿಸಿದರೆ ನಾಳೆ ಬರುವವಳಿಗೂ ಇದು ಗೊತ್ತಿರುವುದಿಲ್ಲ. ಇವಳಿಗೇ ಕಲಿಸಿ.”